ಕಂಬದ ಬೆಳಕು ಬಿದ್ದ ಅವರೆ ಹೊಲ

ಬೆಳಕು ಎಂದರೆ ಜ್ಞಾನ, ಕತ್ತಲೆ ಎಂದರೆ ಅಜ್ಞಾನ ಎಂದು ಮನುಷ್ಯಕುಲ ಸಾವಿರಾರು ವರ್ಷಗಳಿಂದ ಏಕಾಭಿಪ್ರಾಯದಿಂದ ನಂಬಿಕೊಂಡು ಬಂದಿದೆ. ಆ ಸಭೆಗೆ ಅವರೆ ಗಿಡವನ್ನು ಯಾರೂ ಕರೆದಿರಲಿಲ್ಲ.

ನಾನು ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿದವನು. ಕೋಲಾರ, ಮಾಲೂರು, ಮುಳಬಾಗಿಲು ಎಂದು ಒಂದೇ ಜಿಲ್ಲೆಯೊಳಗೆ ವರ್ಗವಾಗುತ್ತ ಆಗುತ್ತ, ಕೊನೆಗೆ ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯ ಪಕ್ಕದ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿದೆ. ಬಡಾವಣೆ ಎಂಬ ಮಾತು ಸ್ವಲ್ಪ ಉಬ್ಬಿಸಿದ್ದು. ಹದಿನಾಲ್ಕು ಮನೆ, ಒಂದು ನೀರಿನ ಟ್ಯಾಂಕು, 'ಉದ್ಯಾನವನಕ್ಕೆ ಮೀಸಲು' ಎಂಬ ಬೋರ್ಡು, ಬೋರ್ಡಿನ ಹಿಂದೆ ಎದೆಮಟ್ಟ ಪಾರ್ಥೇನಿಯಂ. ನಮ್ಮ ಕಾಂಪೌಂಡಿನಾಚೆ ಹದಿನೈದು ಗುಂಟೆಯ ಹೊಲ. ಹೊಲದ ಆಚೆ ತುದಿಗೆ ಮೂರು ರಸ್ತೆ ಕೂಡುವ ಜಾಗ. ಬಸ್ಸು ನಿಲ್ಲುವುದೂ ಅಲ್ಲೇ.

ಹೊಲದಾಕೆಗೆ ಅರವತ್ತು ದಾಟಿತ್ತು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಗ ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ ಕ್ರೇಟು ಹೊರಿಸುವ ಮೇಸ್ತ್ರಿ, ಹೊಸದಾಗಿ ಬಂದ ಸೊಸೆ ನರಸಾಪುರದ ಕಡೆ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವಳು. ಮನೆಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೂ ಈಕೆ ಪ್ರತಿ ವರ್ಷ ಆ ಹದಿನೈದು ಗುಂಟೆಗೆ ಸೊಗಡವರೆ ಬಿತ್ತಲೇಬೇಕು. ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದಾಗ ತೆಲುಗು ಮಾತಾಡುತ್ತಿದ್ದುದರಿಂದ ಕಾಂಪೌಂಡಿನ ಈಚೆಯಿಂದಲೇ ಆಕೆಯ ಹವಾಮಾನ ನಮಗೆ ತಿಳಿಯುತ್ತಿತ್ತು.

ಆ ಅವರೆ ಈಗ ಪೇಟೆಯಲ್ಲಿ ವರ್ಷವಿಡೀ ಸಿಗುವ ಅವರೆಯಲ್ಲ. ಇದು ಹಟದ ಜಾತಿ. ಆಷಾಢದ ಕೊನೆಗೆ ಬಿತ್ತಿ, ಎಷ್ಟು ಉಪಚಾರ ಮಾಡಿದರೂ ಹಗಲು ಗಿಡ್ಡವಾಗುವ ತನಕ ಒಂದು ಹೂ ಬಿಡುವುದಿಲ್ಲ. ಚಳಿ ಹಿಡಿದ ಮೇಲೆ ಒಮ್ಮೆಗೇ ಬಿಟ್ಟು, ಇಬ್ಬನಿಯಲ್ಲಿ ನೆನೆದು, ಸಂಕ್ರಾಂತಿ ಹೊತ್ತಿಗೆ ಕಾಯಿ ತುಂಬುತ್ತದೆ. ಸಿಪ್ಪೆಯ ಮೇಲೆ ಎಣ್ಣೆಯಂಥ ಸೊನೆ. ಬಿಡಿಸಿದವರ ಬೆರಳಿನ ಸೊಗಡು ಎರಡು ದಿನ ಸೋಪಿಗೂ ಜಗ್ಗುವುದಿಲ್ಲ. ಆಕೆಯ ಮನೆಯ ತಳಿ ಆ ಜಾತಿಯಲ್ಲೂ ಬೇರೆ: ಕಾಳಿನ ಬೆನ್ನಿನ ಮೇಲೆ ಕೆಂಪು ಗೆರೆಯೊಂದಿತ್ತು. ಅದನ್ನು ನಾನು ಇನ್ನೆಲ್ಲೂ ನೋಡಿಲ್ಲ.

ನೋಡುವ ಸಾಧ್ಯತೆಯೂ ಇರಲಿಲ್ಲ. ಆ ಬೀಜ ಅತ್ತೆಯಿಂದ ಸೊಸೆಗೆ ಮಾತ್ರ ಹೋಗತಕ್ಕದ್ದು. ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೂ ಇಲ್ಲ, ಒಡಹುಟ್ಟಿದವರಿಗೂ ಇಲ್ಲ. ಹೊರಗೆ ಹೋದರೆ ಬೆಳೆಯೂ ಅದರ ಹಿಂದೆಯೇ ಹೋಗುತ್ತದೆ ಎಂದು ನಂಬಿಕೆ. ನನ್ನ ಹೆಂಡತಿ ಒಮ್ಮೆ ಹಿತ್ತಲಿಗೆಂದು ನಾಲ್ಕು ಕಾಳು ಕೇಳಿದಳು.

"ತಿನ್ನಾಕೆ ಕೇಳಮ್ಮ, ಒಂದು ಸೇರು ಒಯ್ಯಿ," ಎಂದಿದ್ದರು ಆಕೆ. "ಮಣ್ಣಿಗಿಕ್ಕಾಕೆ ಮಾತ್ರ ಕೇಳಬ್ಯಾಡ."

"ನಾಲ್ಕೇ ನಾಲ್ಕು ಕಣ್ರೀ."

"ಒಂದಾದ್ರೂ ಅಷ್ಟೇ. ನಮ್ಮತ್ತೆ ನನ್ನ ಕೈಲಿ ಗಡಿಗೆ ಇಟ್ಟಾಗ ಎಣಿಸಿ ಕೊಟ್ಟಿದ್ಲು, ಅಂಥಾ ಪೈಕಿ ಅವಳು."

ಫಸಲು ಬಂದ ಮೇಲೆ ಆರಿಸಿದ ಕಾಳನ್ನು ಕೆಮ್ಮಣ್ಣಿನ ರಾಡಿಯಲ್ಲಿ ಹೊರಳಿಸಿ, ಒಣಗಿಸಿ, ಗಡಿಗೆಗೆ ತುಂಬಿ ಬಾಯಿ ಮೆತ್ತುತ್ತಿದ್ದರು. ಹಾಗೆ ಮಾಡಿದರೂ ಅವರೆ ಬೀಜ ಒಂದೇ ವರ್ಷ ತಡೆಯುತ್ತದೆ, ಅದರಾಚೆ ಹುಳ ಬಿಡುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಬಿತ್ತಬೇಕು, ಪ್ರತಿ ವರ್ಷ ಹೊಸ ಬೀಜ ತುಂಬಬೇಕು. ಒಂದು ವರ್ಷ ತಪ್ಪಿದರೆ ಮುಗಿಯಿತು. ಬರುವ ಸಂಕ್ರಾಂತಿಗೆ ಸೊಸೆಯ ಕೈಗೆ ಗಡಿಗೆ ಕೊಟ್ಟುಬಿಡಬೇಕು ಎಂಬುದೊಂದೇ ಆಕೆಗೆ ಉಳಿದಿದ್ದ ಲೌಕಿಕ ಕೆಲಸ.

ಇನ್ನು ಕಂಬದ ವಿಷಯ. ಒಂದು ಸಂಜೆ, ಏಳು ಗಂಟೆಯ ಹೊತ್ತು, ಆ ಮೂರು ರಸ್ತೆ ಕೂಡುವಲ್ಲಿ ಪಕ್ಕದ ಹಳ್ಳಿಯ ಹಾಲಿನವನೊಬ್ಬನ ಮೇಲೆ ಲಾರಿ ಹೋಯಿತು. ಲಾರಿಯವನು ಕತ್ತಲೆಯಲ್ಲಿ ಕಾಣಲಿಲ್ಲವೆಂದ. ಅದು ನಿಜವೂ ಆಗಿತ್ತು. ಮಾರನೆಯ ಬೆಳಗ್ಗೆ ನಾನು ಹೋಗಿ ನೋಡಿದಾಗ ಹಾಲು ಡಾಂಬರಿನ ಮೇಲೆ ಒಣಗಿ ಬೆಳ್ಳಗೆ ಬಿರುಕು ಬಿಟ್ಟಿತ್ತು. ಉಳಿದದ್ದರ ಮೇಲೆ ಯಾರೋ ಮಣ್ಣು ಎಳೆದಿದ್ದರು.

ನಮ್ಮದು ಮುಳಬಾಗಿಲು ಕಡೆಯ ಶಾನುಭೋಗರ ಮನೆತನ. ಅರ್ಜಿ ಬರೆಯುವುದು ನಮಗೆ ಬೋಳುತಲೆಯ ಹಾಗೆ ವಂಶಪಾರಂಪರ್ಯವಾಗಿ ಬಂದದ್ದು. ಎಂಟು ಪ್ಯಾರಾದ ಅರ್ಜಿ ಬರೆದೆ. ಎರಡನೆಯ ಪ್ಯಾರಾದಲ್ಲಿ 'ಅಂಧಕಾರ' ಎಂಬ ಪದವನ್ನು ಮೂರು ಸಲ ಬಳಸಿದ್ದೆ. ಹದಿನಾಲ್ಕು ಮನೆಯ ರುಜು ಸಾಲದೆಂದು ಹೊಲಕ್ಕೂ ಇಳಿದೆ.

"ಯಾತಕ್ಕೆ ಸಾಮಿ ಇದು?"

"ಅಲ್ಲಿ ದೊಡ್ಡ ದೀಪದ ಕಂಬ ಹಾಕಿಸೋಣ ಅಂತ. ನಿಮ್ಮ ಸೊಸೆ ಇಳಿಯೋದೂ ಅಲ್ಲೇ ತಾನೆ?"

"ಹೂಂ, ಒಂಬತ್ತು ಗಂಟೆ ಬಸ್ಸು. ಹಾಕ್ಸಿ, ಹಾಕ್ಸಿ. ಎಲ್ಲಿ ಬರೀಲಿ?" ಎಂದು ಸೀರೆಗೆ ಕೈ ಒರೆಸಿಕೊಂಡು ಎರಡಕ್ಷರ ಕೊರೆದರು. ಇಪ್ಪತ್ತೊಂಬತ್ತನೆಯ ರುಜು.

ಅರ್ಜಿ ಕೊಟ್ಟರೆ ಕೆಲಸವಾಗುವುದಿಲ್ಲ ಎಂಬುದು ನನ್ನ ಜೀವಮಾನದ ಅನುಭವ. ಈ ಒಂದು ಅರ್ಜಿಗೆ ಮಾತ್ರ ಆಯಿತು. ಮುಂಗಾರಿಗೆ ಮೊದಲೇ ಕಬ್ಬಿಣದ ಎತ್ತರದ ಕಂಬ ಬಂತು, ತಲೆಯ ಸುತ್ತ ಆರು ದೀಪ. ರಿಬ್ಬನ್ ಕತ್ತರಿಸಿದರು. ನನಗೆ ಶಾಲು ಹೊದಿಸಿದರು. ಮುಸ್ಸಂಜೆಗೆ ತಾನೇ ಹತ್ತಿ ಬೆಳಗಾದ ಮೇಲೆ ತಾನೇ ಆರುವ ಕಂಬ ಅದು. ಅದರ ಕೆಳಗೆ ನಿಂತರೆ ಅಂಗೈ ರೇಖೆ ಕಾಣುತ್ತಿತ್ತು. ಆಮೇಲೆ ಅಲ್ಲಿ ಯಾರೂ ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಅವರೆ ಹುಟ್ಟಿದ್ದೂ ಚೆನ್ನಾಗಿ, ಬೆಳೆದದ್ದೂ ಚೆನ್ನಾಗಿ. ಬಹಳ ಚೆನ್ನಾಗಿ. ದೀಪಾವಳಿ ಕಳೆಯಿತು, ಬಳ್ಳಿ ಒಂದರ ಮೇಲೊಂದು ಹತ್ತಿ ಹೊಲ ಹಸಿರು ಹಾಸಿಗೆಯಾಯಿತು. ಕಾರ್ತಿಕ ಮುಗಿಯಿತು. ಹೂವಿಲ್ಲ. ಯಲ್ದೂರು ಕಡೆಯ ಹೊಲಗಳಲ್ಲಿ ಸೊಗಡವರೆ ಹೂವಾಗಿದೆ ಎಂದು ಬಸ್ಸಿನಲ್ಲಿ ಬಂದವರು ಹೇಳಿದರು. ಕಾಂಪೌಂಡಿನಾಚೆ ತೆಲುಗು ಶುರುವಾಯಿತು.

"ಇದೇಂದಿ ಸಾಮಿ ಇದಿ! ಎಲೆ ನೋಡಿದ್ರೆ ಮುತ್ತುಗದೆಲೆ ಇದ್ದಂಗೈತೆ, ಹೂವಿನ ಸುಳಿವೇ ಲೇದು. ನೀವು ಓದಿದೋರು, ಒಂದು ಕಿತ ಇಳಿದು ನೋಡಿ."

ಇಳಿದೆ. ವಿದ್ವಾಂಸನು ಹೊಲಕ್ಕೆ ಇಳಿಯುವ ಗತ್ತಿನಲ್ಲೇ ಇಳಿದೆ: ಕೈ ಬೆನ್ನ ಹಿಂದೆ, ಪಂಚೆ ಅರ್ಧಕ್ಕೆ. ಒಂದು ಎಲೆ ತಿರುವಿ ನೋಡಿದೆ, ಇನ್ನೊಂದನ್ನು ಮೂಸಿದೆ. ಮೂಸುವುದರಿಂದ ಏನೂ ತಿಳಿಯುವುದಿಲ್ಲ. ಆದರೆ ನೋಡುವವರಿಗೆ ಧೈರ್ಯ ಬರುತ್ತದೆ.

"ಗೊಬ್ಬರ ಜಾಸ್ತಿಯಾಗಿದೆಯಮ್ಮ. ಗಿಡಕ್ಕೆ ಕೊಬ್ಬು. ಕುಡಿ ಚಿವುಟಿಸಿ, ನೀರು ಬಿಡಬೇಡಿ. ಮೂರು ವಾರದಲ್ಲಿ ಹೂ ಬರುತ್ತೆ."

"ಈ ವರ್ಷ ಒಂದು ಬುಟ್ಟಿ ಗೊಬ್ರಾನೂ ಜಾಸ್ತಿ ಹಾಕಿಲ್ವಲ್ಲ ಸಾಮಿ?"

"ಮಳೆಯಲ್ಲಿ ಮೇಲಿನ ಹೊಲದ ಗೊಬ್ಬರ ಹರಿದು ಬಂದಿರುತ್ತೆ," ಎಂದೆ. ಮೇಲಿನ ಹೊಲ ಎಂಬುದು ನಮ್ಮ ಬಡಾವಣೆ. ಅಲ್ಲಿಂದ ಹರಿದು ಬರುವಂಥದ್ದು ಸೋಪಿನ ನೀರು ಮಾತ್ರ.

ಆಕೆ ಬಗ್ಗಿ ಬಗ್ಗಿ ನಾಲ್ಕು ದಿನ ಕುಡಿ ಚಿವುಟಿದರು. ನಾನು ಮಹಡಿಯಿಂದ ಮೇಲ್ವಿಚಾರಣೆ ನಡೆಸಿದೆ.

ನಂಬಿದರೆ ನಂಬಿ, ಹೂ ಬಂತು. ಮಾರ್ಗಶಿರದ ಹೊತ್ತಿಗೆ ಹೊಲದ ನಡುವಿನ ಪಂಪಿನ ಮನೆಯ ಈಚೆ ಬದಿಗೆ, ನಮ್ಮ ಕಾಂಪೌಂಡಿನ ಕಡೆಗೆ, ಮೂರು ನಾಲ್ಕು ಮಾರಿನಷ್ಟು ಉದ್ದದ ಪಟ್ಟಿಯಲ್ಲಿ ಗೊಂಚಲು ಎದ್ದವು. ಪಟ್ಟಿಯ ಆಚೀಚೆ ಹಸಿರು ಎಲೆ ಮಾತ್ರ. ಆಕೆ ಕಾಂಪೌಂಡಿನ ಹತ್ತಿರ ಬಂದು ಕೂಗಿ ಹೇಳಿದರು. ನಾನು ತಲೆಯಾಡಿಸಿದೆ. "ಶುರುವಾಗಿದೆ, ಒಂದೊಂದೇ ಕಡೆ ಬರುತ್ತೆ, ಗಾಬರಿ ಬೇಡ," ಎಂದೆ. ಆಕೆಗೆ ನಂಬಿಕೆ ಬಂತು. ಆ ನಂಬಿಕೆಯನ್ನು ಕೊಟ್ಟವನು ನಾನು. ಮುಂದೆ ಆದದ್ದೆಲ್ಲ ಅದರ ಮೇಲೆಯೇ ನಿಂತಿತ್ತು.

ಸಂಕ್ರಾಂತಿಯ ಹಿಂದಿನ ದಿನ ಆಕೆ ಮೊರದ ತುಂಬ ಕಾಯಿ ತಂದು ನಮ್ಮ ಬಾಗಿಲಲ್ಲಿ ಇಟ್ಟರು. ಅವರ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತಂತೆ. ಹೊಸ ಫಸಲಿನ ಮೊದಲ ಕೊಯ್ಲನ್ನು ಮನೆಯಲ್ಲಿ ಬೇಯಿಸುವಂತಿಲ್ಲ, ಬೀಜಕ್ಕೆ ಇಡುವಂತೆಯೂ ಇಲ್ಲ. ಆ ವರ್ಷ ಬೆಳೆಗೆ ಉಪಕಾರ ಮಾಡಿದವರಿಗೆ ಪೂರ್ತಿ ಕೊಟ್ಟುಬಿಡಬೇಕು. ಹಿಂದೆಲ್ಲ ಬಾವಿ ತೋಡಿದವನಿಗೋ ಎತ್ತು ಸಾಲ ಕೊಟ್ಟವನಿಗೋ ಹೋಗುತ್ತಿತ್ತು. ಈ ವರ್ಷ ನನಗೆ.

"ಅಯ್ಯೋ, ಇಷ್ಟು ಯಾಕೆ ತಂದ್ರಿ? ಮನೆಗೆ ಇಟ್ಕೊಳ್ಳಿ," ಎಂದಳು ನನ್ನ ಹೆಂಡತಿ.

"ಸುಮ್ಕಿರಮ್ಮ. ಸಾಮಿ ಹೇಳ್ದಂಗೆ ಕುಡಿ ಮುರಿದಿದ್ಕೆ ಬಂದದ್ದಿದು. ಉಳಿದ ಹೊಲ ಎಲ್ಲಾ ಬತ್ತದಲ್ಲ, ಅದು ನಮಗೆ."

ಹಬ್ಬದ ದಿನ ಹಿತಕಿದ ಬೇಳೆಯ ಸಾರು ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡೆ. ಬಹಳ ರುಚಿಯಾಗಿತ್ತು ಎಂಬುದನ್ನೂ ಇಲ್ಲಿ ದಾಖಲಿಸಬೇಕು, ಯಾಕೆಂದರೆ ಸುಳ್ಳು ಹೇಳಿ ಈಗ ಪ್ರಯೋಜನವಿಲ್ಲ.

ಅದಾದ ನಾಲ್ಕನೆಯ ದಿನವೋ ಐದನೆಯ ದಿನವೋ ಮುಸ್ಸಂಜೆ, ಒಣಹಾಕಿದ ಬಟ್ಟೆ ತರಲು ಹೆಂಡತಿ ನನ್ನನ್ನು ಮಹಡಿಗೆ ಅಟ್ಟಿದಳು. ಟವೆಲಿಗೆ ಕೈ ಹಾಕಿದ್ದೆ, ಕಂಬ ಹತ್ತಿಕೊಂಡಿತು. ಹೊಲದ ಮೇಲೆ ಪಂಪಿನ ಮನೆಯ ನೆರಳು ಕಪ್ಪಗೆ, ಚಚ್ಚೌಕವಾಗಿ, ನಮ್ಮ ಕಾಂಪೌಂಡಿನ ಕಡೆಗೆ ಚಾಚಿ ಬಿತ್ತು. ಹೂ ಬಿಟ್ಟಿದ್ದ ಪಟ್ಟಿ ಯಾವುದೋ, ನೆರಳು ಬಿದ್ದ ಪಟ್ಟಿ ಅದೇ. ಮೂಲೆಗೆ ಮೂಲೆ ಹೊಂದುತ್ತಿತ್ತು. ಮಿಕ್ಕ ಹೊಲ ಮಟಮಟ ಮಧ್ಯಾಹ್ನದಲ್ಲಿ ನಿಂತಿತ್ತು.

ಮೂವತ್ತೊಂದು ವರ್ಷ, ಪ್ರತಿ ವರ್ಷವೂ, ನಾನು ಹಲಗೆಯ ಮೇಲೆ ಎರಡು ವೃತ್ತ ಬರೆದಿದ್ದೇನೆ. ಪ್ರತಿ ಗಿಡದೊಳಗೂ ಒಂದು ಗಡಿಯಾರವಿದೆ, ಮುಂಜಾನೆಯ ಬೆಳಕೂ ಸಂಜೆಯ ಕತ್ತಲೆಯೂ ಅದನ್ನು ದಿನಾಲೂ ಸರಿಪಡಿಸುತ್ತವೆ, ಆ ಗಡಿಯಾರದಿಂದ ಗಿಡ ರಾತ್ರಿಯ ಉದ್ದವನ್ನು ಅಳೆಯುತ್ತದೆ. ರಾತ್ರಿ ಸಾಕಷ್ಟು ಉದ್ದವಾಯಿತು ಎಂದು ಖಾತ್ರಿಯಾದಾಗ ಕೆಲವು ಗಿಡ ಹೂ ಬಿಡುತ್ತವೆ. ಅಂಥ ಗಿಡಕ್ಕೆ ರಾತ್ರಿ ಬೆಳಕು ತೋರಿಸಿದರೆ ಇನ್ನೂ ಬೇಸಿಗೆಯೇ ಇದೆ ಎಂದುಕೊಂಡು ಎಲೆಯನ್ನೇ ಬಿಡುತ್ತ ಕೂತಿರುತ್ತದೆ. ಐದು ಅಂಕದ ಪ್ರಶ್ನೆ. ಉದಾಹರಣೆಗೆ ಯಾವುದೋ ಸೀಮೆಯ ಗಿಡಗಳನ್ನು ಹೇಳುತ್ತಿದ್ದೆ. ಪುಸ್ತಕದಲ್ಲಿ ಅವರೆ ಇರಲಿಲ್ಲ.

ಬಟ್ಟೆ ಅಲ್ಲೇ ಬಿಟ್ಟು ಕೆಳಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಷ್ಟು ವರ್ಷ ಮಕ್ಕಳಿಗೆ ಏನ್ರೀ ಪಾಠ ಮಾಡಿದ್ರಿ?"

"ಇದನ್ನೇ."

"ಹಾಗಾದ್ರೆ ನಾವು ತಿಂದಿದ್ದು?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು, ಊಟ ಮಾಡಿ ನಾಲ್ಕೈದು ದಿನವಾಗಿದ್ದರೂ.

ಬೆಳಗ್ಗೆ ಹೊಲಕ್ಕೆ ಹೋದೆ. ಆಕೆ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಗಿಡಕ್ಕೆ ಒಳಗೊಂದು ಗಡಿಯಾರ ಇದೆಯಮ್ಮ," ಎಂದು ಆರಂಭಿಸಿದೆ. ಬೇರೆ ಹೇಗೆ ಆರಂಭಿಸಬೇಕೋ ನನಗೆ ಗೊತ್ತಿರಲಿಲ್ಲ.

"ಎಲ್ಲೈತೆ?"

"ಎಲೆಯಲ್ಲಿ."

"ಕೀ ಕೊಡೋರ್ಯಾರು?"

"ಹೊತ್ತು ಹುಟ್ಟೋದು, ಹೊತ್ತು ಮುಳುಗೋದು. ಈಗ ಹೊತ್ತು ಮುಳುಗಿದ ತಕ್ಷಣ ಈ ಕಂಬ ಹತ್ತುತ್ತಲ್ಲ, ಗಿಡಕ್ಕೆ ರಾತ್ರಿ ಆದದ್ದೇ ಗೊತ್ತಾಗ್ತಿಲ್ಲ. ಅದಕ್ಕೆ ಇನ್ನೂ ಆಷಾಢ."

ಆಕೆ ಕಂಬ ನೋಡಿದರು, ಪಂಪಿನ ಮನೆ ನೋಡಿದರು, ಪಟ್ಟಿ ನೋಡಿದರು. ಐವತ್ತು ವರ್ಷ ಹೊಲ ಮಾಡಿದವರಿಗೆ ವೃತ್ತ ಬರೆದು ತೋರಿಸಬೇಕಾಗಲಿಲ್ಲ.

"ಹಂಗಾದ್ರೆ ಕುಡಿ ಮುರಿದಿದ್ದು?"

"ಅದರಿಂದ ಏನೂ ಆಗಲಿಲ್ಲ."

"ಉಳಿದ ಹೊಲ ಬರಾಕಿಲ್ಲ."

"ಇಲ್ಲ."

"ಕಂಬಕ್ಕೆ ಅರ್ಜಿ ಬರೆದೋರು ನೀವು."

"ನಾನೇ."

"ರುಜು ಹಾಕ್ದೋಳು ನಾನು." ಎಲೆ ಅಡಿಕೆ ಉಗುಳಿ ಎದ್ದರು. ತೆಲುಗು ಬರಲೆಂದು ಕಾಯುತ್ತಿದ್ದೆ, ಬರಲಿಲ್ಲ. ಅದು ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಗಡಿಗೆಯಲ್ಲಿ ಹಳೆಯದೇನಾದರೂ ಉಳಿದಿದೆಯೇ ಎಂದು ಕೇಳಿದೆ. ಮನೆಗೆ ಕರೆದುಕೊಂಡು ಹೋಗಿ ಮೊರಕ್ಕೆ ಸುರಿದು ತೋರಿಸಿದರು. ಕೆಮ್ಮಣ್ಣಿನ ಪುಡಿ, ತೂತು ಬಿದ್ದ ಎರಡು ಹಿಡಿ ಕಾಳು, ಕಾಳಿನಿಂದ ಹೊರಬಂದು ಮೊರದ ಅಂಚಿಗೆ ನಿಧಾನವಾಗಿ ನಡೆಯುತ್ತಿದ್ದ ಹುಳ.

ದೀಪ ಆರಿಸಲು ಅರ್ಜಿ ಬರೆಯುತ್ತೇನೆ ಎಂದೆ. ಆಕೆ ಬೇಡವೆಂದರು.

"ಹುಡುಗಿ ಒಂಬತ್ತಕ್ಕೆ ಇಳೀತಾಳೆ ಸಾಮಿ. ಹಾಲಿನವನು ಸತ್ತಿದ್ದು ಏಳಕ್ಕೆ."

ಆದರೂ ಕಂಬದ ಕಚೇರಿಗೆ ಹೋದೆ. ಅಲ್ಲಿದ್ದ ಲೈನ್‌ಮನ್ ನನ್ನನ್ನು ಗುರುತು ಹಿಡಿದ.

"ಶಾಲು ಹೊದಿಸಿದ್ವಲ್ಲ ಸಾರ್, ಆ ದೀಪಾನೇ ಅಲ್ವಾ?"

"ಅದೇ. ಹೊಲದ ಕಡೆ ಇರುವ ಎರಡು ದೀಪಕ್ಕೆ ಏನಾದರೂ ಮರೆ ಕಟ್ಟಬಹುದೇ?"

"ಅವರೆಕಾಯಿಗಾ ಸಾರ್?" ಎಂದು ನಕ್ಕು, ನಗಬಾರದಿತ್ತೆಂದು ತೋರಿ, ತಗಡಿನ ಮರೆ ಮಾಡಿಸಿಕೊಡುತ್ತೇನೆ, ಮೇಲಿನವರಿಗೆ ಒಂದು ಅರ್ಜಿ ಕೊಡಿ ಎಂದ. ಕೊಟ್ಟೆ. ಎರಡು ಪ್ಯಾರಾ.

ಅಲ್ಲಿಯವರೆಗೆ ನನ್ನ ಸ್ವಂತ ಉಪಾಯ. ಅಂಗಡಿಯಿಂದ ಕಪ್ಪು ಟಾರ್ಪಾಲು ತಂದು, ಪಟ್ಟಿಯ ಪಕ್ಕದ ಎರಡು ಸಾಲಿಗೆ ಕೋಲು ನೆಟ್ಟು, ಸಂಜೆ ಆರಕ್ಕೆ ಹೊದಿಸಿ ಬೆಳಗ್ಗೆ ಏಳಕ್ಕೆ ತೆಗೆಯತೊಡಗಿದೆ. ಕಾಲೇಜಿನಲ್ಲಿ ರಟ್ಟಿನ ಪೆಟ್ಟಿಗೆಯಿಂದ ಮಾಡಿ ತೋರಿಸುತ್ತಿದ್ದ ಪ್ರಯೋಗವೇ. ಬಸ್ಸಿಗೆ ಕಾಯುವವರು ನಿಂತು ನೋಡುತ್ತಿದ್ದರು. "ಏನ್ಲಾ ಇದು, ಮೇಷ್ಟ್ರು ಗಿಡ ಮಲಗಿಸ್ತಾವ್ರೆ," ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕೇಳಿಸಿತು. "ಜೋಗುಳ ಬೇರೆ ಹಾಡ್ತಾರಾ ನೋಡು." ಹೊಲದಾಕೆಯೂ ಒಂದು ಅಂಚು ಹಿಡಿಯುತ್ತಿದ್ದರು. ಮೂರನೆಯ ವಾರ ಟಾರ್ಪಾಲಿನ ಕೆಳಗೆ ಸಣ್ಣ ಮೊಗ್ಗು ಕಂಡವು. ಅದೇ ವಾರ ಟಾರ್ಪಾಲಿನ ಸೆಖೆಗೆ ಕರಿಹೇನು ಹತ್ತಿತು. ಕುಡಿಯಿಂದ ಬುಡದವರೆಗೆ ಎಣ್ಣೆ ಬಳಿದ ಹಾಗೆ ಕಪ್ಪಾಗಿ ಮೊಗ್ಗೆಲ್ಲ ಉದುರಿತು.

ಉಳಿದದ್ದು ಪಂಪಿನ ಮನೆಯ ನೆರಳಿನ ಪಟ್ಟಿಯಲ್ಲಿ ಮೊದಲ ಕೊಯ್ಲಿನ ಆಮೇಲೆ ಬಂದಿದ್ದ ತುದಿಯ ಕೆಲವು ಗೊಂಚಲು. ಅದನ್ನು ಬೀಜಕ್ಕೆ ಬಿಟ್ಟೆವು. ಒಂದೊಂದು ಗೊಂಚಲಿಗೂ ಆಕೆ ಹಳೆಯ ಸೀರೆಯ ಚೂರು ಕಟ್ಟಿದರು. ಕಾಯಿಕೊರಕ ಸೀರೆಯ ಒಳಗೂ ಹೋಯಿತು. ಬಿಸಿಲು ಏರುತ್ತಿತ್ತು, ಗಿಡದ ಬುಡ ಒಣಗುತ್ತಿತ್ತು. ಪೂರ್ತಿ ಬಲಿಯಲಿ ಎಂದು ಬಿಟ್ಟರೆ ಹುಳ ತಿನ್ನುತ್ತದೆ, ಈಗಲೇ ಕಿತ್ತರೆ ಎಳೆಯದು. ಆಕೆ ನನ್ನನ್ನು ಕೇಳಲಿಲ್ಲ. ಒಂದು ಬೆಳಗ್ಗೆ ತಾವೇ ಕಿತ್ತರು. ಕೆಂಪು ಗೆರೆಯ ಕಾಳು, ಹುಳ ಮುಟ್ಟದಿದ್ದದ್ದು, ಹದಿಮೂರು. ಒಣಗಿದ ಮೇಲೆ ಅವು ಸುಕ್ಕಾಗಿದ್ದವು.

ತಗಡಿನ ಮರೆ ಯುಗಾದಿ ಮುಗಿದ ಮೇಲೆ ಬಂತು. ಎರಡು ದೀಪಕ್ಕೆ ಹಾಕಬೇಕಿದ್ದದ್ದನ್ನು ಒಂದಕ್ಕೆ ಹಾಕಿ ಹೋದರು. ಇನ್ನೊಂದಕ್ಕೆ ತಗಡು ಸಾಲಲಿಲ್ಲವಂತೆ.

ಆ ಇನ್ನೊಂದು ದೀಪ ಉರಿಯುವ ತನಕ ಆ ಹೊಲದಲ್ಲಿ ಬಿತ್ತುವಂತಿರಲಿಲ್ಲ; ಉಳಿದ ಹದಿಮೂರೇ ಕಾಳನ್ನು ಹುಳ ಹತ್ತಿದ ನೆರಳಿನ ಪಟ್ಟಿಗೆ ಹಾಕಲು ಆಕೆಗೆ ಮನಸ್ಸಾಗಲಿಲ್ಲ. ವೈಶಾಖದಲ್ಲಿ ಆಕೆ ಗಡಿಗೆಯನ್ನು ಸೊಸೆಗೆ ಕೊಡದೆ, ಹದಿಮೂರು ಕಾಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಯಲ್ದೂರಿನಲ್ಲಿರುವ ತಂಗಿಯ ಮನೆಗೆ ಹೊರಟರು. ನಾನು ಬಸ್ಸಿನವರೆಗೆ ಹೋದೆ.

"ಒಡಹುಟ್ಟಿದೋಳಿಗೆ ಕೊಡಬಾರದು ಅಂತಿದ್ರಲ್ಲ?"

"ಅಲ್ಲಿ ಕತ್ತಲೈತೆ ಸಾಮಿ," ಎಂದರು. ಬಸ್ಸು ಬಂತು. ಸೀಟು ಸಿಕ್ಕಿತು. ಕಿಟಕಿಯಿಂದ ಏನೋ ಹೇಳಿದರು, ಹಾರನ್ನಿನಲ್ಲಿ ಕೇಳಿಸಲಿಲ್ಲ. ನಾನು ಕೇಳಿಸಿದವನಂತೆ ತಲೆಯಾಡಿಸಿದೆ. ತಲೆಯಾಡಿಸುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ.

ಆಷಾಢದ ಕೊನೆಗೆ, ಒಳ್ಳೆಯ ಹದ ಮಳೆಯಾದ ಮಾರನೆಯ ದಿನ, ತಂಗಿಯ ಮನೆಯ ಹಿತ್ತಲಿನಲ್ಲಿ ಆ ಹದಿಮೂರು ಕಾಳನ್ನು ಊರಿದರು. ಮೂರು ವಾರ ಕಾದರು. ಒಂದೂ ಮೊಳೆಯಲಿಲ್ಲ.